ಮುಂದಿನ ತಾರೀಖು

ನಾನು ಹುಟ್ಟಾ ಅನುಮಾನದ ಮನುಷ್ಯ. ಬಸ್ಸು ಹತ್ತುವ ಮುಂಚೆ ಅದರ ಟೈರು ನೋಡುತ್ತೇನೆ. ಮದುವೆ ಊಟಕ್ಕೆ ಕೂತರೆ ಮೊಸರು ಹುಳಿಯಾಗಿರುತ್ತದೆ ಎಂದು ಎಲೆ ಹಾಕುವಾಗಲೇ ಅಂದುಕೊಳ್ಳುತ್ತೇನೆ. ಇಷ್ಟು ವರ್ಷ ಇದನ್ನು ಸಹಿಸಿಕೊಂಡಿರುವ ನನ್ನ ಹೆಂಡತಿ, ನಾನು ಬಾಯಿ ತೆರೆಯುವುದೇ ತಡ, "ಒಳ್ಳೇ ಮಾತಾಡ್ರೀ, ಅಸ್ತು ದೇವತೆಗಳು ತಿರುಗಾಡ್ತಿರ್ತಾರೆ" ಎನ್ನುತ್ತಾಳೆ. ನಾವು ಆಡಿದ್ದಕ್ಕೆಲ್ಲ ಮೇಲಿನಿಂದ ‘ಅಸ್ತು’ ಎನ್ನುವ ಆ ದೇವತೆಗಳಿಗೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮ ಮನೆಯ ಮೇಲೇ ಡ್ಯೂಟಿ ಹಾಕಿದ್ದಾರೋ ಏನೋ.

ಇಂಥವನು ಆಶಾವಾದಕ್ಕೂ ಆರೋಗ್ಯಕ್ಕೂ ಇರುವ ನಂಟಿನ ಬಗ್ಗೆ ಬರೆಯಲು ಕೂತಿದ್ದಾನೆಂದರೆ ನಮ್ಮ ಓಣಿಯವರು ನಕ್ಕಾರು. ನನಗಿರುವ ಅರ್ಹತೆ ಇಷ್ಟೇ: 1983ರಿಂದ 2019ರವರೆಗೆ ಬಳ್ಳಾರಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಕಾಗದದ ಮೇಲೆ ಫಾರ್ಮಸಿಸ್ಟ್, ಜನರ ಬಾಯಲ್ಲಿ ಕಂಪೌಂಡರ್. ಕಿಟಕಿಯ ಈಚೆ ನಾನು, ಆಚೆ ಕೈ ಚಾಚಿ ನಿಂತ ಜನ. ಯಾರು ಗುಣವಾದರು, ಯಾರು ಅರ್ಧಕ್ಕೇ ಬಿಟ್ಟರು, ಯಾರು ಮತ್ತೆ ಬರಲೇ ಇಲ್ಲ ಎಂಬುದು ಚೀಟಿ ಬರೆಯುವ ಡಾಕ್ಟರಿಗಿಂತ ಮಾತ್ರೆ ಎಣಿಸಿ ಕೊಡುವವನಿಗೇ ಹೆಚ್ಚು ಗೊತ್ತಿರುತ್ತದೆ. ಇನ್ನೊಂದು ಅರ್ಹತೆ, 2013ರ ಏಪ್ರಿಲ್‌ನಲ್ಲಿ ನನ್ನದೇ ಹೃದಯ ಕೈಕೊಟ್ಟದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಬೆಳಗಾದರೆ ಮೊಬೈಲಿನಲ್ಲಿ ಸೂರ್ಯೋದಯದ ಚಿತ್ರ ಬರುತ್ತದೆ. ಅದರ ಕೆಳಗೆ, ‘ಸಕಾರಾತ್ಮಕವಾಗಿ ಯೋಚಿಸಿ, ರೋಗಗಳು ತಾವಾಗಿಯೇ ದೂರವಾಗುತ್ತವೆ’. ಕಳಿಸಿದವರು ಒಳ್ಳೆಯ ಮನಸ್ಸಿನವರೇ. ಆದರೂ ಮೂವತ್ತಾರು ವರ್ಷದಲ್ಲಿ ತಾನಾಗಿಯೇ ದೂರವಾದ ಸಕ್ಕರೆ ಕಾಯಿಲೆಯನ್ನಾಗಲಿ ಕ್ಷಯವನ್ನಾಗಲಿ ನಾನು ನೋಡಿಲ್ಲ. ಹಾಗೆಂದು ಭರವಸೆಯಿಂದ ಏನೂ ಆಗುವುದಿಲ್ಲ ಎಂದೂ ನನ್ನಿಂದ ಹೇಳಲಾಗುವುದಿಲ್ಲ. ಆಗುವುದನ್ನು ಕಣ್ಣಾರೆ ಕಂಡಿದ್ದೇನೆ. ಅದು ಮೊಬೈಲಿನ ಸೂರ್ಯನ ಥರ ಇರಲಿಲ್ಲ, ಅಷ್ಟೇ.

ಕಂಡದ್ದು ಸಿರುಗುಪ್ಪ ದಾರಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮ ಜಿಲ್ಲೆಯಲ್ಲಿ ಒಂದು ಹೊಸ ಕೆಲಸ ಶುರು ಮಾಡಿದರು. ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ 1982ರಲ್ಲೇ ಬಂದಿತ್ತು, ಆದರೆ ಅದನ್ನು ಹಳ್ಳಿಗೆ ಮುಟ್ಟಿಸುವುದು ಹೇಗೆಂದು ತೋರಿಸಿಕೊಟ್ಟ ಜಿಲ್ಲೆ ಇನ್ನೂ ಇರಲಿಲ್ಲ. ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಚಿಕ್ಕದಾಗಿ ಮಾಡಿ ನೋಡಿದ್ದನ್ನು ಇಡೀ ಒಂದು ಜಿಲ್ಲೆಗೆ ಹಿಗ್ಗಿಸಿ ನೋಡೋಣ ಎಂದು ಆರಿಸಿಕೊಂಡದ್ದು ಬಳ್ಳಾರಿಯನ್ನು. ಆಗ ಹೊಸಪೇಟೆ, ಹಡಗಲಿ, ಹರಪನಹಳ್ಳಿ ಎಲ್ಲ ಸೇರಿ ದೊಡ್ಡ ಜಿಲ್ಲೆ. ಹದಿನೈದು ಲಕ್ಷ ಮೀರಿದ ಜನ.

ಯೋಜನೆ ಕೇಳಿದರೆ ಇಷ್ಟೇನಾ ಅನ್ನಿಸಬೇಕು. ಹಳ್ಳಿ ಆಸ್ಪತ್ರೆಯ ಮಾಮೂಲಿ ಡಾಕ್ಟರಿಗೆ, ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನು ಕಲಿಸುವುದು. ಬೆರಳಲ್ಲಿ ಎಣಿಸಬಹುದಾದಷ್ಟೇ ಔಷಧಿ: ಕ್ಲೋರ್‌ಪ್ರೊಮಜಿನ್, ಮೂರ್ಛೆರೋಗಕ್ಕೆ ಫಿನೋಬಾರ್ಬಿಟೋನ್, ಇನ್ನು ಕೆಲವು. ಒಬ್ಬೊಬ್ಬರಿಗೂ ಒಂದು ಸರಳ ದಾಖಲೆ. ಕಷ್ಟದ ಕೇಸು ಬಂದರೆ ಜಿಲ್ಲಾ ಮಟ್ಟದಲ್ಲಿ ಒಂದು ತಜ್ಞರ ತಂಡ. ಡಾ. ಮೋಹನ್ ಐಸಾಕ್, ಡಾ. ಆರ್. ಶ್ರೀನಿವಾಸಮೂರ್ತಿ ಅವರಂಥವರು ಇದರ ಹಿಂದಿದ್ದರು. ಐದು ವರ್ಷ ನಡೆಯಿತು. ಮುಂದೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮುಂದಿಟ್ಟುಕೊಂಡ ಮಾದರಿ ನಮ್ಮದೇ. ಇವತ್ತಿಗೂ ದೇಶದ ಮನೋವೈದ್ಯರ ಪಾಠದಲ್ಲಿ ‘ಬಳ್ಳಾರಿ ಮಾದರಿ’ ಅಂತ ಇದೆ. ಗಣಿ ಧೂಳು, ಜೀನ್ಸ್ ಪ್ಯಾಂಟು, ಬಿಸಿಲು ಇಷ್ಟಕ್ಕೇ ಹೆಸರಾದ ಊರಿನವರಿಗೆ ಈ ವಿಷಯ ಗೊತ್ತಿಲ್ಲದಿರುವುದು ನನಗೆ ಸ್ವಲ್ಪ ಹೊಟ್ಟೆಯುರಿ.

ಆಗ ಬಂದವಳು ಒಬ್ಬ ತಾಯಿ. ನಾಲ್ಕೈದು ಮೈಲಿ ನಡೆದು ಬಂದಿದ್ದಳು. ಜೊತೆಗೆ ಇಪ್ಪತ್ತರ ಆಸುಪಾಸಿನ ಮಗ, ಅವನ ಮಣಿಕಟ್ಟಿನ ಮೇಲೆ ಹಗ್ಗದ ಗುರುತು. ಯಾರೋ ಕರೀತಾರೆ ಎಂದು ರಾತ್ರಿಯೆಲ್ಲ ಕಾಲುವೆ ಏರಿಯ ಮೇಲೆ ಓಡುತ್ತಿದ್ದನಂತೆ. ಗುಡಿ, ದರ್ಗಾ, ತಾಯಿತ ಎಲ್ಲ ಮುಗಿಸಿ ಕೊನೆಗೆ ಆರೋಗ್ಯ ಕಾರ್ಯಕರ್ತೆಯ ಮಾತು ಕೇಳಿ ಬಂದವಳು. ಡಾಕ್ಟರು ನೋಡಿದರು, ಬರೆದರು. ಅವಳು ನನ್ನ ಕಿಟಕಿಗೆ ಬಂದು ಕೇಳಿದಳು, "ಗುಣ ಆಗ್ತಾನೇನಪ್ಪಾ?"

ನಾನು ಎಂಥವನೆಂದು ಮೊದಲೇ ಹೇಳಿದೆನಲ್ಲ. ಬಾಯಿಗೆ ಸುಳ್ಳು ಬರಲಿಲ್ಲ. ಡಾಕ್ಟರು ಒಳಗಿಂದಲೇ ಕೂಗಿದರು: "ಬರೋ ತಿಂಗಳು ಹದಿನೈದಕ್ಕೆ ಕರ್ಕಂಡು ಬಾ ಅಮ್ಮಾ. ನಾನಿರ್ತೀನಿ."

ಗುಣವಾಗುತ್ತಾನೆ ಎಂದೂ ಅನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. ಆದರೆ ಆ ತಾಯಿಯ ಮುಖ ಬದಲಾದದ್ದು ನನಗೆ ಕಾಣಿಸಿತು. ನಾನು ಕಾಗದದ ಪೊಟ್ಟಣದ ಮೇಲೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯ ಮಾತ್ರೆಗೆ ಚಂದ್ರ ಬರೆದುಕೊಟ್ಟೆ. ಅಕ್ಷರ ಬಾರದವರಿಗೆಲ್ಲ ನಾವು ಹಾಗೇ ಬರೆಯುತ್ತಿದ್ದದ್ದು. "ತಾರೀಖು ಹೆಂಗ ನೆನಪಿಟ್ಕಂತೀಯಮ್ಮಾ?" ಎಂದೆ. ಅವಳು ಸೆರಗಿನ ತುದಿಗೆ ನಾಲ್ಕು ಗಂಟು ಹಾಕಿ ತೋರಿಸಿದಳು. ಸಂತೆಗೊಂದು ಗಂಟು ಬಿಚ್ಚುತ್ತಾಳಂತೆ. ಕೊನೆಯ ಗಂಟು ಬಿಚ್ಚಿದ ಮರುದಿನ ನಮ್ಮಲ್ಲಿಗೆ.

ಬಂದಳು. ಮುಂದಿನ ತಿಂಗಳೂ ಬಂದಳು. ಮೂರನೆಯ ತಿಂಗಳು ಬಂದಾಗ ಮಾತ್ರೆ ಮುಗಿದಿತ್ತು, ಸ್ಟಾಕ್ ಬಂದಿರಲಿಲ್ಲ. ಅವಳು ಏನೂ ಅನ್ನಲಿಲ್ಲ, ಕಿಟಕಿಯ ಕೆಳಗೇ ಕುಸಿದು ಕೂತಳು. ನನ್ನ ವೃತ್ತಿಯಲ್ಲಿ ನನಗೆ ಅತ್ಯಂತ ನಾಚಿಕೆಯಾದ ಗಳಿಗೆ ಅದು. ಭರವಸೆ ಎನ್ನುವುದು ಒಳಗಿನಿಂದ ಉಕ್ಕುವ ಶಕ್ತಿ ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ಕಪಾಟಿನ ಆ ಖಾಲಿ ಡಬ್ಬಿ ನೆನಪಾಗುತ್ತದೆ. ಅವತ್ತು ಸಂಜೆಯ ಬಸ್ಸಿಗೆ ಬಳ್ಳಾರಿಗೆ ಬಂದು ಕೈಯಿಂದಲೇ ಹಣ ಕೊಟ್ಟು ಒಂದು ತಿಂಗಳ ಮಾತ್ರೆ ಕೊಂಡು ಮರುದಿನ ಅವಳ ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದೆ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಆ ಮುಖ ನೋಡಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ. ಆ ಹುಡುಗ ಪೂರ್ತಿ ಗುಣವಾದ ಎಂದು ಹೇಳಲಾರೆ. ಆದರೆ ಓಡುವುದು ನಿಂತಿತು, ಹಗ್ಗ ಹೋಯಿತು, ಎಮ್ಮೆ ಕಾಯುತ್ತಿದ್ದ, ನಾಟಿ ಕಾಲಕ್ಕೆ ಸಸಿ ಹೊರುತ್ತಿದ್ದ. ನನಗೆ ವರ್ಗವಾಗುವವರೆಗೂ ಬರುತ್ತಿದ್ದ.

ಬಳ್ಳಾರಿಯಲ್ಲಿ ಈ ಕೆಲಸ ನಡೆಯುತ್ತಿದ್ದ 1985ರಲ್ಲೇ ಅಮೆರಿಕದಲ್ಲಿ ಇನ್ನೆರಡು ಸಂಗತಿ ನಡೆದವು. ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮೈಕೆಲ್ ಶೈಯರ್, ಚಾರ್ಲ್ಸ್ ಕಾರ್ವರ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಆಶಾವಾದವನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ‘ಮುಂದೆ ಒಳ್ಳೆಯದಾಗುತ್ತದೆ ಎಂದು ನೀವು ಸಾಮಾನ್ಯವಾಗಿ ನಿರೀಕ್ಷಿಸುತ್ತೀರಾ’ ಎನ್ನುವ ಥರದ ಕೆಲವೇ ವಾಕ್ಯ. ಹೌದೆನ್ನುವಿರೋ ಅಲ್ಲವೆನ್ನುವಿರೋ, ಎಷ್ಟರ ಮಟ್ಟಿಗೆ, ಅಷ್ಟೇ. ಅದೇ ವರ್ಷ ಏರನ್ ಬೆಕ್ ಎಂಬ ಮನೋವೈದ್ಯರ ತಂಡ ಇನ್ನೊಂದು ವರದಿ ಕೊಟ್ಟಿತು. ಸಾಯುವ ಯೋಚನೆ ಬರುತ್ತಿದೆ ಎಂದು ಆಸ್ಪತ್ರೆ ಸೇರಿದ್ದ 207 ಜನರನ್ನು ಐದರಿಂದ ಹತ್ತು ವರ್ಷ ಹಿಂಬಾಲಿಸಿ ನೋಡಿದ್ದರು. ಮುಂದೆ ನಿಜಕ್ಕೂ ಪ್ರಾಣ ಕಳೆದುಕೊಂಡವರನ್ನು ಮೊದಲೇ ಸೂಚಿಸಿದ್ದು ದುಃಖದ ಆಳ ಅಷ್ಟಾಗಿ ಅಲ್ಲ. ‘ಮುಂದೆ ಏನೂ ಇಲ್ಲ’ ಎನ್ನುವ ಭಾವನೆ. ಸೆರಗಿನಲ್ಲಿ ಬಿಚ್ಚಲು ಗಂಟೇ ಉಳಿಯದ ಸ್ಥಿತಿ ಎಂದು ನನ್ನ ಮಾತಿನಲ್ಲಿ ಹೇಳುತ್ತೇನೆ.

ದೇಹದ ಮಾತಿಗೆ ಬಂದರೆ, ಶೈಯರ್ ಮತ್ತು ಜೊತೆಯವರು 1989ರಲ್ಲಿ ಬೈಪಾಸ್ ಆದ 51 ಗಂಡಸರ ಬಗ್ಗೆ ಬರೆದರು. ಶಸ್ತ್ರಚಿಕಿತ್ಸೆಗೆ ಮುಂಚೆ ಆಶಾವಾದಿಗಳೆಂದು ಕಂಡವರು ಬೇಗ ಎದ್ದು ಓಡಾಡಿದರು, ಬೇಗ ಕೆಲಸಕ್ಕೆ ಮರಳಿದರು. ಆಮೇಲೆ ದೊಡ್ಡ ದೊಡ್ಡ ಲೆಕ್ಕಗಳು ಬಂದವು. 2019ರಲ್ಲಿ 15 ಅಧ್ಯಯನಗಳ 2,29,391 ಜನರ ಮಾಹಿತಿ ಒಟ್ಟುಮಾಡಿ ನೋಡಿದಾಗ, ಆಶಾವಾದಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವುಗಳ ಅಪಾಯ ಶೇ 35ರಷ್ಟು ಕಡಿಮೆ ಕಂಡಿತು. ಅದೇ ವರ್ಷದ ಇನ್ನೊಂದು ಅಧ್ಯಯನ ಅಮೆರಿಕದ 69,744 ಮಹಿಳೆಯರದು ಮತ್ತು 1,429 ಗಂಡಸರದು. ಮಹಿಳೆಯರೆಲ್ಲ ದಾದಿಯರು, ಗಂಡಸರು ಮಾಜಿ ಸೈನಿಕರು. ಅತಿ ಹೆಚ್ಚು ಆಶಾವಾದಿಗಳಾದವರು ಅತಿ ಕಡಿಮೆಯವರಿಗಿಂತ ಸರಾಸರಿ ಶೇ 11ರಿಂದ 15ರಷ್ಟು ಹೆಚ್ಚು ಬದುಕಿದ್ದರು.

ಈ ಅಂಕಿಗಳನ್ನು ನನ್ನ ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕೆಂದಳು. ನನ್ನ ಅನುಮಾನ ಅಲ್ಲೂ ಬಿಡಲಿಲ್ಲ. ಹೊಟ್ಟೆ ತುಂಬಿದವನಿಗೆ, ಓದಿದವನಿಗೆ, ತಿಂಗಳ ಸಂಬಳ ಬರುವವನಿಗೆ ನಾಳೆ ಚೆನ್ನಾಗಿರುತ್ತದೆ ಎಂದು ಅನ್ನಿಸುವುದು ಸುಲಭ. ಅಂಥವನು ಹೆಚ್ಚು ಬದುಕುವುದೂ ಸಹಜ. ಸಂಶೋಧಕರು ಪೆದ್ದರಲ್ಲ. ಓದು, ಹಳೆಯ ಕಾಯಿಲೆ, ಖಿನ್ನತೆ ಇವನ್ನೆಲ್ಲ ಲೆಕ್ಕದಿಂದ ತೂಗಿ ಕಳೆದ ಮೇಲೂ ನಂಟು ಪೂರ್ತಿ ಅಳಿಸಿಹೋಗಲಿಲ್ಲ ಎನ್ನುತ್ತಾರೆ. ಒಪ್ಪೋಣ. ಆದರೆ ಅವರು ಎಣಿಸಿದ್ದು ಅಮೆರಿಕದ ದಾದಿಯರನ್ನು. ನಮ್ಮ ಓಣಿಯಲ್ಲಿ ಪೀಸಿಗಿಷ್ಟು ಎಂದು ಜೀನ್ಸ್ ಹೊಲಿಯುವ ಹೆಣ್ಣುಮಗಳನ್ನಲ್ಲ. ಎರಡು ವಾರ ಆರ್ಡರ್ ಬರದಿದ್ದರೆ ಒಲೆ ಹೊತ್ತುವುದು ಕಷ್ಟವಾಗುವ ಅವಳಿಗೆ ಆಶಾವಾದದ ಪಾಠ ಹೇಳುವ ಮೊದಲು ಹೊಲಿಯಲು ಬಟ್ಟೆ ಕೊಡಬೇಕು.

ಭರವಸೆ ದೇಹದೊಳಗೆ ಇಳಿಯುವುದು ಹೇಗೆ? ಕಂಪೌಂಡರನಿಗೆ ಇದು ಹೊಸ ಪ್ರಶ್ನೆಯಲ್ಲ. ಮಾತ್ರೆ ಕೊಟ್ಟರೆ ಮುಖ ಗಂಟಿಕ್ಕಿ, "ಸೂಜಿ ಮಾಡ್ಸು ಸಾರ್, ಇದ್ರಾಗ ಏನೂ ಆಗಲ್ಲ" ಎನ್ನುವವರನ್ನು ದಿನಾ ನೋಡಿದವನು ನಾನು. ಸೂಜಿಯಲ್ಲಿ ಬರೀ ಬಿ-ಕಾಂಪ್ಲೆಕ್ಸ್ ಇದ್ದರೂ ಸೊಂಟನೋವು ಅಲ್ಲೇ ಇಳಿಯುತ್ತಿತ್ತು. ಜನರ ಮರುಳು ಎಂದು ನಾವು ಒಳಗೆ ನಗುತ್ತಿದ್ದೆವು. ನಗಬಾರದಿತ್ತು. ಹಲ್ಲು ಕೀಳಿಸಿಕೊಂಡವರ ಮೇಲೆ ಅಮೆರಿಕದ ಮೂವರು ವಿಜ್ಞಾನಿಗಳು ಮಾಡಿದ ಪ್ರಯೋಗ 1978ರಲ್ಲೇ ಪ್ರಕಟವಾಗಿತ್ತು. ನೋವಿನ ಮದ್ದೆಂದು ನಂಬಿಸಿ ಕೊಟ್ಟ ಹುಸಿ ಮದ್ದಿನಿಂದ ಕೆಲವರಿಗೆ ನೋವು ನಿಜಕ್ಕೂ ಇಳಿದಿತ್ತು. ಅಫೀಮು ಜಾತಿಯ ಔಷಧಿಗಳ ಕೆಲಸವನ್ನು ತಡೆಯುವ ನಾಲೋಕ್ಸೋನ್ ಎಂಬ ಮದ್ದು ಕೊಟ್ಟ ಕೂಡಲೇ ಆ ನೋವು ಮರಳಿ ಬಂತು. ಅಂದರೆ, ಕಡಿಮೆಯಾಗುತ್ತದೆ ಎಂಬ ನಂಬಿಕೆಗೆ ಮಿದುಳು ತನ್ನದೇ ನೋವಿನ ಮದ್ದನ್ನು ಒಸರಿಸಿತ್ತು. ಜನರದು ಮರುಳಲ್ಲ, ರಸಾಯನಶಾಸ್ತ್ರ. ಆದರೆ ಇದೇ ನಂಬಿಕೆ ನೋವನ್ನು ಇಳಿಸಬಲ್ಲದೇ ಹೊರತು ಕ್ಷಯದ ಕ್ರಿಮಿಯನ್ನು ಕೊಲ್ಲಲಾರದು. ಆ ಗೆರೆ ದಾಟಬಾರದು.

ಎರಡನೆಯ ದಾರಿ ಒತ್ತಡದ್ದು. ಸದಾ ಏನೋ ಕೆಟ್ಟದ್ದು ಕಾದಿದೆ ಎಂದು ನಂಬಿದ ದೇಹ ಪಹರೆಯವನಂತೆ ನಿದ್ದೆಗೆಟ್ಟು ಕೂರುತ್ತದೆ. ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ, ರಕ್ತದ ಒತ್ತಡ ಏರುತ್ತದೆ, ರಕ್ತನಾಳಗಳ ಒಳಗೆ ಸಣ್ಣ ಉರಿಯೂತ ಆರದೆ ಉಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಸಪ್ಪೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ನಾಳೆ ಇದೆ ಎಂದು ನಂಬಿದವನು ಇವತ್ತಿನ ಮಾತ್ರೆ ನುಂಗುತ್ತಾನೆ, ಬೀಡಿ ಬಿಡುತ್ತಾನೆ, ಬೆಳಗ್ಗೆ ಎದ್ದು ನಡೆಯುತ್ತಾನೆ, ಹೇಳಿದ ದಿನಕ್ಕೆ ಆಸ್ಪತ್ರೆಗೆ ಬರುತ್ತಾನೆ. ಯಾವ ಪವಾಡವೂ ಇಲ್ಲ. ಸೆರಗಿನ ಗಂಟಿನ ಲೆಕ್ಕ, ಅಷ್ಟೇ.

ಈಗ ನನ್ನ ಹೃದಯದ ಕಥೆ. ಏಪ್ರಿಲ್ ಬಿಸಿಲು, ಮಧ್ಯಾಹ್ನ. ಬೆಳಗ್ಗೆ ವಗ್ಗಾಣಿ, ಅದರ ಜೊತೆ ನಾಲ್ಕು ಮಿರ್ಚಿ ತಿಂದಿದ್ದೆ. ಎದೆಯ ನಡುವೆ ಹಿಡಿದಂತಾಯಿತು, ಎಡ ದವಡೆಯವರೆಗೂ. ಗ್ಯಾಸ್ ಎಂದೆ. ಜೆಲುಸಿಲ್ ಕುಡಿದೆ. ಬೆವರಿತು, ಬಳ್ಳಾರಿಯಲ್ಲಿ ಏಪ್ರಿಲ್‌ನಲ್ಲಿ ಬೆವರದೆ ಇರುವವರು ಯಾರು? ಎದೆನೋವು ಬಂದರೆ ತಡಮಾಡಬೇಡಿ ಎಂದು ಕಿಟಕಿಯಲ್ಲಿ ಸಾವಿರ ಜನಕ್ಕೆ ಹೇಳಿದವನು, ಮೊಸರಿನ ಬಗ್ಗೆಯೂ ಅನುಮಾನ ಪಡುವವನು, ತನ್ನ ಹೃದಯದ ಬಗ್ಗೆ ಮಾತ್ರ ‘ನನಗೇನಾಗುತ್ತೆ’ ಎಂದು ಆರು ಗಂಟೆ ಮಂಚದ ಮೇಲೆ ಮಲಗಿದ್ದೆ. ಕೊನೆಗೆ ಹೆಂಡತಿ ನನ್ನ ಮಾತಿಗೆ ಕಾಯದೆ ಆಟೋ ಕರೆದಳು. "ಸುಮ್ಮನೆ ಹತ್ರೀ. ಗ್ಯಾಸ್ ಅಂತ ಡಾಕ್ಟ್ರೇ ಹೇಳ್ಲಿ." ಇಸಿಜಿ ತೆಗೆದವರು ನನ್ನ ಮುಖ ನೋಡಿ ಬೈಯುವುದೊಂದು ಬಾಕಿ.

ಈ ‘ನನಗೇನಾಗುತ್ತೆ’ ಎನ್ನುವುದಕ್ಕೂ ಒಂದು ಹೆಸರಿದೆಯಂತೆ. ನೀಲ್ ವೈನ್‌ಸ್ಟೈನ್ ಎಂಬವರು 1980ರಲ್ಲಿ 258 ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ ನೋಡಿದ್ದರು. ಒಳ್ಳೆಯದು ತಮಗೆ ಉಳಿದವರಿಗಿಂತ ಹೆಚ್ಚು ಆಗುತ್ತದೆ, ಕೆಟ್ಟದ್ದು ಉಳಿದವರಿಗೇ ಹೆಚ್ಚು ಆಗುತ್ತದೆ ಎಂದು ಬಹುಪಾಲು ಜನ ನಂಬಿದ್ದರು. ಕುರುಡು ಆಶಾವಾದ. ಕ್ಷಯದ ರೋಗಿಗಳಲ್ಲಿ ನಾನು ಕಂಡದ್ದೂ ಇದನ್ನೇ. ನಮ್ಮ ಊರಲ್ಲಿ ವೆಲ್ಲೆಸ್ಲಿ ಹೆಸರಿನ ಕ್ಷಯದ ಆಸ್ಪತ್ರೆ ಬ್ರಿಟಿಷರ ಕಾಲದಿಂದ ಇದೆ, ಕೆಮ್ಮಿನ ಭಯ ಈ ಊರಿಗೆ ಹೊಸದಲ್ಲ. ಆದರೂ ಆರು ತಿಂಗಳ ಮಾತ್ರೆಯಲ್ಲಿ ಎರಡು ತಿಂಗಳು ಮುಗಿಯುವ ಹೊತ್ತಿಗೆ ಕೆಮ್ಮು ನಿಲ್ಲುತ್ತದೆ, ಮೈ ತುಂಬುತ್ತದೆ, "ಗುಣ ಆತಲ್ಲ ಬಿಡು" ಎಂದು ಬಿಟ್ಟುಬಿಡುತ್ತಾರೆ. ಒಳಗೆ ಉಳಿದ ಕ್ರಿಮಿ ಮದ್ದಿಗೆ ಬಗ್ಗದಂತಾಗಿ ಮರಳಿ ಬರುತ್ತದೆ. ಹತಾಶೆಯಿಂದ ಔಷಧಿ ಬಿಟ್ಟವರನ್ನೂ ನೋಡಿದ್ದೇನೆ, ಭರವಸೆ ಹೆಚ್ಚಾಗಿ ಬಿಟ್ಟವರನ್ನೂ ನೋಡಿದ್ದೇನೆ. ಎರಡನೆಯವರೇನೂ ಕಡಿಮೆ ಇರಲಿಲ್ಲ.

ಹಾಗಾದರೆ ಯಾವ ಭರವಸೆ ಕೆಲಸಕ್ಕೆ ಬರುತ್ತದೆ? ಗೇಬ್ರಿಯಲ್ ಓಟಿಂಗನ್ ಎಂಬ ಜರ್ಮನ್ ಮೂಲದ ಮನಃಶಾಸ್ತ್ರಜ್ಞೆ 1991ರಲ್ಲಿ ತೂಕ ಇಳಿಸಲು ಬಂದಿದ್ದ 25 ಮಹಿಳೆಯರ ಬಗ್ಗೆ ಬರೆದದ್ದು ನನಗೆ ತುಂಬ ಇಷ್ಟ. ‘ನನ್ನಿಂದ ಇಳಿಸಲು ಆಗುತ್ತದೆ’ ಎಂದು ನಿರೀಕ್ಷಿಸಿದವರು ಹೆಚ್ಚು ಇಳಿಸಿದರು. ತೆಳ್ಳಗಾದ ತಮ್ಮನ್ನು ಕಣ್ಮುಂದೆ ತಂದುಕೊಂಡು ಸವಿಗನಸು ಕಂಡವರು ಕಡಿಮೆ ಇಳಿಸಿದರು. ಹೊರಗಿನಿಂದ ಎರಡೂ ಆಶಾವಾದವೇ. ಒಂದು ದಾರಿ ಹಿಡಿಸುತ್ತದೆ, ಇನ್ನೊಂದು ಊರು ತಲುಪಿಯಾಯಿತು ಎಂದು ಮಲಗಿಸುತ್ತದೆ.

ನನ್ನ ಕಥೆಗೆ ಮರಳಿದರೆ, ಬೆಂಗಳೂರಿನಲ್ಲಿ ಬೈಪಾಸ್ ಆಯಿತು. ಎದೆಯ ಹೊಲಿಗೆ ಮಾಗಿತು, ಮನಸ್ಸು ಮಾಗಲಿಲ್ಲ. ಬೆಳಗಿನ ನಾಲ್ಕಕ್ಕೆ ಎಚ್ಚರ, ಅನ್ನ ಸೇರದು, ಮೊಮ್ಮಗು ಬಂದು ಕಾಲಿಗೆ ತೆಕ್ಕೆಬಿದ್ದರೂ ಏನೂ ಅನ್ನಿಸದು. ಬಂದವರೆಲ್ಲ ಧೈರ್ಯವಾಗಿರಿ, ಪಾಸಿಟಿವ್ ಆಗಿರಿ ಎಂದು ಹೇಳಿ ಸೇಬು ಇಟ್ಟು ಹೋಗುತ್ತಿದ್ದರು. ಸೇಬಿನ ರಾಶಿ ಬೆಳೆದಷ್ಟೂ ನನಗೆ ತಪ್ಪಿತಸ್ಥನ ಭಾವ. ಒಂದು ರಾತ್ರಿ ನಿದ್ದೆ ಬಾರದೆ ಎಣಿಸುತ್ತಿದ್ದಾಗ ಥಟ್ಟನೆ ಹೊಳೆಯಿತು. ನಿದ್ದೆ, ಹಸಿವು, ಅಳು, ನಿರುತ್ಸಾಹ, ಬದುಕು ಸಾಕೆನ್ನುವುದು: ಇದು 1986ರಲ್ಲಿ ನಮ್ಮ ಕೇಂದ್ರದ ಗೋಡೆಗೆ ನಾನೇ ಅಂಟಿಸಿದ್ದ ಖಿನ್ನತೆಯ ಲಕ್ಷಣಗಳ ಪಟ್ಟಿ. ನಾನು ಕಿಟಕಿಯ ಆಚೆಗೆ ಬಂದು ನಿಂತಿದ್ದೆ.

ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 222 ರೋಗಿಗಳನ್ನು ನೋಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೃದಯಾಘಾತದ ನಂತರ ಖಿನ್ನರಾದವರು ಆರು ತಿಂಗಳೊಳಗೆ ಸಾಯುವ ಅಪಾಯ ಉಳಿದವರಿಗಿಂತ ಎಷ್ಟೋ ಪಾಲು ಹೆಚ್ಚು. ಎಂದಮೇಲೆ ಇದು ಸ್ವಭಾವದ ಮಾತಲ್ಲ, ಚಿಕಿತ್ಸೆಯ ಮಾತು. ನಿರಾಶಾವಾದಿ ಎಂದರೆ ನಾನು, ಮೊಸರು ಹುಳಿ ಎನ್ನುವವನು, ಆದರೂ ಊಟಕ್ಕೆ ಕೂರುವವನು. ಊಟವೇ ಬೇಡ ಎನ್ನಿಸುವುದು ಖಿನ್ನತೆ. ಮೊದಲನೆಯದಕ್ಕೆ ಹೆಂಡತಿಯ ಬೈಗುಳ ಸಾಕು. ಎರಡನೆಯದಕ್ಕೆ ವೈದ್ಯರು ಬೇಕು. ಮರುದಿನ ನಾನೇ ಮನೋವೈದ್ಯರಲ್ಲಿಗೆ ಹೋದೆ. ಕೊಟ್ಟ ಮಾತ್ರೆಯ ಹೆಸರು ನೋಡಿದೆ. ಅದೇ ಜಾತಿಯ ಮಾತ್ರೆಯನ್ನು ನಾನೇ ಎಷ್ಟು ಜನಕ್ಕೆ ಎಣಿಸಿ ಕೊಟ್ಟಿದ್ದೆ. ಏಳುವಾಗ ಡಾಕ್ಟರ್ ಅಂದರು, "ಮೂರು ವಾರ ಬಿಟ್ಟು ಬನ್ನಿ, ಇಪ್ಪತ್ತೆರಡನೇ ತಾರೀಖು." ಮನೆಗೆ ಬಂದ ಮೇಲೆ ಹೆಂಡತಿ ಕ್ಯಾಲೆಂಡರಿನಲ್ಲಿ 22ಕ್ಕೆ ಕೆಂಪು ಸುತ್ತು ಹಾಕಿದಳು. ಆ ತಾಯಿಗೆ ಅವತ್ತು ಏನನ್ನಿಸಿತ್ತೆಂದು ನನಗೆ ಗೊತ್ತಾದದ್ದು ಆಗ.

ನಡಿಗೆಯನ್ನು ಕೋಟೆ ಬೆಟ್ಟದ ಕೆಳಗಿನ ರಸ್ತೆಯಲ್ಲಿ ಶುರು ಮಾಡಿದೆ, ಮೊದಲ ವಾರ ಮೂರು ಲೈಟ್ ಕಂಬದವರೆಗೆ. ಆಮೇಲೆ ಐದು. ಆಮೇಲೆ ಎಣಿಸುವುದು ಮರೆತುಹೋಯಿತು. ಅಸಹಾಯಕತೆಯನ್ನು ಪ್ರಾಣಿ ಕಲಿಯುತ್ತದೆ ಎಂದು 1967ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಹೇಳಿ ಹೆಸರಾದವರು ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೈಯರ್. ಸುಮಾರು ಐವತ್ತು ವರ್ಷದ ಮೇಲೆ, 2016ರಲ್ಲಿ, ಅವರೇ ತಾವು ಹೇಳಿದ್ದು ಹಿಂದುಮುಂದಾಗಿತ್ತು ಎಂದು ಬರೆದರು. ಸತತವಾಗಿ ಪೆಟ್ಟು ಬಿದ್ದಾಗ ಸುಮ್ಮನೆ ಕುಸಿದು ಕೂರುವುದೇ ಮಿದುಳಿನ ಸಹಜ ಗುಣ, ‘ನನ್ನ ಕೈಯಲ್ಲೂ ಏನೋ ಇದೆ’ ಎಂಬುದೇ ಕಲಿಯುವ ಪಾಠ ಎಂದು ಮಿದುಳಿನ ಸಂಶೋಧನೆ ತೋರಿಸಿತ್ತು. ತಮ್ಮ ಅತಿ ಪ್ರಸಿದ್ಧ ಮಾತನ್ನೇ ತಿದ್ದಿಕೊಳ್ಳುವ ಆ ದೊಡ್ಡತನಕ್ಕೆ ನಾನು ಕೈಮುಗಿಯುತ್ತೇನೆ. ನನ್ನ ಪಾಲಿಗೆ ಆ ಪಾಠ ಮೂರನೆಯ ಲೈಟ್ ಕಂಬ.

ಇನ್ನೊಂದು ಮಾತು ಹೇಳದಿದ್ದರೆ ಕಂಪೌಂಡರನ ಕೆಲಸ ಅರ್ಧವಾಗುತ್ತದೆ. ನಮ್ಮ ಕಡೆ ಗುಟ್ಕಾ, ತಂಬಾಕು ಜಗಿದು ಬಾಯಿ, ಗಂಟಲಿನ ಕ್ಯಾನ್ಸರ್ ತಂದುಕೊಂಡವರಿಗೆ ಕೊರತೆಯಿಲ್ಲ. ಅವರ ಮಂಚದ ಪಕ್ಕ ಕೂತು, "ಮನಸ್ಸು ಗಟ್ಟಿ ಇದ್ರೆ ಗೆಲ್ಲಬಹುದು" ಎನ್ನುವವರಿಗೂ ಕೊರತೆಯಿಲ್ಲ. ತಲೆ ಮತ್ತು ಕುತ್ತಿಗೆಯ ಭಾಗದ ಕ್ಯಾನ್ಸರ್ ಇದ್ದ 1,093 ಜನರನ್ನು ನೋಡಿದ 2007ರ ಅಧ್ಯಯನದಲ್ಲಿ, ಮನಸ್ಸಿನ ಸ್ಥಿತಿಗೂ ಅವರು ಎಷ್ಟು ದಿನ ಬದುಕಿದರು ಎಂಬುದಕ್ಕೂ ಸಂಬಂಧ ಕಾಣಲಿಲ್ಲ. ಭರವಸೆ ಉಳಿದ ದಿನಗಳನ್ನು ಹಗುರ ಮಾಡಬಹುದು, ಗಡ್ಡೆಯನ್ನು ಕರಗಿಸುವುದಿಲ್ಲ. ಸಾಯುತ್ತಿರುವವರಿಗೆ ‘ನೀನು ಸಾಕಷ್ಟು ಗಟ್ಟಿಯಾಗಲಿಲ್ಲ’ ಎಂಬ ಅಪರಾಧವನ್ನೂ ಹೊರಿಸಿ ಕಳಿಸುವುದು ಕ್ರೌರ್ಯ.

ಆಶಾವಾದ ಎಂಬ ಪದವನ್ನು ನನ್ನ ಕಿಟಕಿಯ ಮುಂದೆ ಯಾರೂ ಆಡಿದ್ದು ಕೇಳಿಲ್ಲ. ಆಡುತ್ತಿದ್ದದ್ದು ‘ಧೈರ್ಯ’. ಅದನ್ನೂ ಒಬ್ಬರೇ ಯೋಚಿಸಿ ತಂದುಕೊಳ್ಳುವುದು ಎಂದಲ್ಲ, "ಡಾಕ್ಟ್ರು ಧೈರ್ಯ ಹೇಳಿದ್ರು" ಎಂದು. ಕನ್ನಡದಲ್ಲಿ ಧೈರ್ಯ ಹೇಳುವ ವಸ್ತು, ಅದಕ್ಕೆ ಎದುರಿಗೆ ಇನ್ನೊಬ್ಬರು ಬೇಕು. ಬಾಗಿಲಲ್ಲಿ ನಿಂತು ನಾವು ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತೇವೆ. ನನ್ನ ಹೆಂಡತಿಯ ಅಸ್ತು ದೇವತೆಗಳು ಇದಕ್ಕಾದರೂ ‘ಅಸ್ತು’ ಎನ್ನಲಿ.

ಧೈರ್ಯ ಹೇಳುವ ಸರದಿ ಒಮ್ಮೆ ನನಗೂ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಆ ನೀರನ್ನೇ ನಂಬಿ ಸಿರುಗುಪ್ಪದಲ್ಲಿ ಭತ್ತ ಹಾಕಿದ್ದ ನನ್ನ ಭಾವಮೈದ ಫೋನ್ ಮಾಡಿ ಮಾತೇ ಆಡಲಿಲ್ಲ, ಉಸಿರು ಮಾತ್ರ ಕೇಳಿಸುತ್ತಿತ್ತು. ಎಲ್ಲ ಸರಿಹೋಗುತ್ತೆ ಎನ್ನಲು ನನಗೆ ಬಾಯಿ ಬರಲಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಲು ಕನ್ನಯ್ಯ ನಾಯ್ಡು ಎಂಬ ಹಿರಿಯ ಎಂಜಿನಿಯರ್ ಬಂದಿದ್ದಾರಂತೆ ಎಂದು ಟಿ.ವಿ. ನೋಡಿ ಹೇಳಿದೆ. ದಿನಾ ಎರಡು ಸಲ ಫೋನ್ ಮಾಡಿ ಅಲ್ಲಿ ಎಲ್ಲಿಗೆ ಬಂತು ಕೆಲಸ ಎಂದಷ್ಟೇ ಹೇಳುತ್ತಿದ್ದೆ. ಒಂದು ವಾರದಲ್ಲಿ ನೀರು ನಿಂತಿತು. ಅವನು ಈಗಲೂ ಹೇಳುತ್ತಾನೆ, "ಭಾವ, ನೀವು ಅವತ್ತು ಸುಳ್ಳು ಹೇಳ್ಲಿಲ್ಲ ನೋಡ್ರಿ, ಅದಕ್ಕೇ ನಿದ್ದಿ ಬಂತು."

ನಿಮ್ಮ ಮನೆಯಲ್ಲಿ ಯಾರಾದರೂ ಎರಡು ವಾರದಿಂದ ನಿದ್ದೆ, ಊಟ ಬಿಟ್ಟು, ಇನ್ನೇನೂ ಸರಿಹೋಗುವುದಿಲ್ಲ ಎನ್ನುತ್ತಿದ್ದರೆ ದಯವಿಟ್ಟು ಉಪದೇಶ ಮಾಡಬೇಡಿ. ಸೇಬನ್ನೂ ತರಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲೂಕು ಆಸ್ಪತ್ರೆಗಳಿಗೆ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ತಜ್ಞರು ಬರುವ ಏರ್ಪಾಡಿದೆ. ರಾತ್ರಿ ಹೊತ್ತಾದರೆ 14416ಕ್ಕೆ ಫೋನ್ ಮಾಡಬಹುದು. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆಸ್ಪತ್ರೆಗೆ ಹೋಗುವಾಗ ಅವರನ್ನು ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ. ಬರುವಾಗ ಮುಂದಿನ ತಾರೀಖು ಯಾವುದೆಂದು ಕೇಳಿ ಬರೆಸಿಕೊಂಡು ಬನ್ನಿ.